ಎಡಬದಿಯ ಚಕ್ರ

ಮರ್ಕಂಜ
12-11-1965

ಚಿ. ಧರ್ಮಪಾಲನಿಗೆ ಅಕ್ಕ ಪೂವಮ್ಮನ ಆಶೀರ್ವಾದ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಬೈಗುಳ ತೆಗೆದುಕೋ.

ಯುದ್ಧ ನಿಂತು ಎಷ್ಟು ಸಮಯವಾಯಿತು? ನಿಂತದ್ದು ಊರಿಗೆಲ್ಲ ಗೊತ್ತು, ರೇಡಿಯೋ ಇದ್ದವರ ಮನೆಯ ನಾಯಿಗೂ ಗೊತ್ತು. ನಿನ್ನಿಂದ ಬಂದದ್ದು ಒಂದು ಕಾರ್ಡು, ಅದರಲ್ಲಿ ಎರಡು ಗೆರೆ. ‘ಕ್ಷೇಮವಾಗಿದ್ದೇನೆ. ಚಿಂತೆ ಬೇಡ.’ ಚಿಂತೆ ಬೇಡ ಎನ್ನಲು ನೀನು ಯಾರು ಮಾರಾಯ? ಅಮ್ಮ ತೀರಿಕೊಂಡ ಮೇಲೆ ನಿನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ನಾನು. ಚಿಂತೆ ಮಾಡುವುದೋ ಬಿಡುವುದೋ ನನ್ನ ಇಷ್ಟ. ನಿನ್ನ ಭಾವ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, “ಹಿಂದೆ ಎಂತಾದ್ರೂ ಬರ್ದಿದ್ದಾನಾ ನೋಡು” ಎಂದರು. ಹಿಂದೆ ವಿಳಾಸ ಮಾತ್ರ.

ಈಗ ಮುಖ್ಯ ವಿಷಯ. ಯುದ್ಧ ಸುರುವಾದ ವಾರ ನಾನು ನಮ್ಮ ದೇವಸ್ಥಾನದ ಹರಕೆಕಟ್ಟೆಯ ಮುಂದೆ ನಿಂತು ಹೇಳಿಕೊಂಡಿದ್ದೇನೆ. ತಮ್ಮ ಜೀವಸಹಿತ ಬಂದರೆ ಅವನ ಟ್ಯಾಂಕಿನಂಥದ್ದೇ ಒಂದು ಸಣ್ಣ ಟ್ಯಾಂಕು ಮಾಡಿಸಿ, ಅವನ ಕೈಯಿಂದಲೇ ಒಪ್ಪಿಸುತ್ತೇನೆ ಎಂದು. ಮಗು ಬೇಕಾದವರು ಪುಟ್ಟ ತೊಟ್ಟಿಲು ಇಡುವುದಿಲ್ಲವೇ, ಮಂಡಿನೋವಿನವರು ಮರದ ಕಾಲು ಇಡುವುದಿಲ್ಲವೇ, ಹಾಗೆ.

ಆದರೆ ಟ್ಯಾಂಕು ಹೇಗಿರುತ್ತದೆ ಎಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪೇಪರಿನ ಚಿತ್ರದಲ್ಲಿ ಕಾಣುವುದು ಬರೀ ಮಸಿ. ದೈವಸ್ಥಾನದ ಮರದ ಹುಲಿ, ಹಂದಿಗಳನ್ನು ಕೆತ್ತಿ ಬಣ್ಣ ಹಾಕುವ ಡೊಂಬಯ್ಯಣ್ಣನನ್ನು ಕೇಳಿದೆ. “ಅದಕ್ಕೆ ಮುಖ ಉಂಟಾ ಪೂವಮ್ಮ? ಮುಖ ಇದ್ರೆ ನಂಗೆ ಸುಲಭ” ಎಂದ. ಮುಖ ಇಲ್ಲ, ಕೋವಿ ಉಂಟು ಎಂದೆ. “ಹಾಗಾದ್ರೆ ಕೋವಿಯನ್ನೇ ಮೂಗಿನ ಹಾಗೆ ಮಾಡ್ವ” ಎಂದ. ಇವನಿಗೆ ಎಂತ ಹೇಳುದು! ಚಕ್ರ ಎಷ್ಟು, ಬಣ್ಣ ಯಾವುದು, ಎಲ್ಲ ಬಿಡಿಸಿ ಬರೆ. ಯಾವಾಗ ಬರುತ್ತೀ ಎಂಬುದನ್ನೂ ಬರೆ.

ಸುಳ್ಯದಲ್ಲಿ ಐತನ ಹತ್ತಿರ ನಿನಗೆ ಒಂದು ಜೊತೆ ಚಪ್ಪಲಿ ಹೊಲಿಸಿದ್ದೇನೆ. ನಿನ್ನ ಹಳೆಯ ಜೋಡಿನ ಅಳತೆಯೇ. ಪಾರ್ಸೆಲ್ ಮಾಡಿದ್ದೇನೆ, ಹಾಕಿಕೊಂಡು ನೋಡಿ ಹೇಳು.

ಪೂವಮ್ಮ


ಪುಣೆ
4-12-1965

ಅಕ್ಕನಿಗೆ ಧರ್ಮಪಾಲನ ನಮಸ್ಕಾರ. ಭಾವನಿಗೂ ತಿಳಿಸು.

ಬೈಗುಳ ತಲುಪಿತು. ಇನ್ನಷ್ಟು ಇದ್ದರೆ ಕಳುಹಿಸು, ಇಲ್ಲಿ ಹಿಂದಿಯಲ್ಲಿ ಬೈಸಿಕೊಂಡು ಸಾಕಾಗಿದೆ.

ನಾನು ಓಡಿಸುತ್ತಿದ್ದದ್ದು ಶೆರ್ಮನ್ ಎಂಬ ಟ್ಯಾಂಕು. ಓಡಿಸುವವನು ಮುಂದೆ ಎಡಗಡೆ, ಕೆಳಗೆ, ಗುಂಡಿಯಲ್ಲಿ ಕೂತಂತೆ ಕೂರುತ್ತಾನೆ. ಅದನ್ನು ಬರೆದು ತಿಳಿಸಲು ಸಾಧ್ಯವಿಲ್ಲ. ಡೊಂಬಯ್ಯಣ್ಣನಿಗೆ ಕೊಟ್ಟರೆ ಅದಕ್ಕೆ ಕೋರೆಹಲ್ಲು ಇಟ್ಟಾನು. ನಾನೇ ಮಾಡುತ್ತೇನೆ. ಈಗ ನಮಗೆ ಕೂತು ಮಾಡುವ ಕೆಲಸವೇ, ಬೇಕಾದಷ್ಟು ಸಮಯ ಉಂಟು. ಪೆಟ್ಟಿಗೆಯ ಸಾಗುವಾನಿ ಹಲಗೆ ಸಿಕ್ಕಿದೆ. ಒಂದು ಅಡಿಗೆ ಒಂದು ಅಂಗುಲದಂತೆ ಇಳಿಸಿ, ಇದ್ದದ್ದು ಇದ್ದ ಹಾಗೆ ಮಾಡುತ್ತೇನೆ.

ಚಪ್ಪಲಿ ಬಂತು. ಬಲಗಾಲಿನದ್ದು ಬಹಳ ಸರಿಯಾಗಿದೆ. ಐತನಿಗೆ ಹೇಳು.

ಲೀವು ಸದ್ಯಕ್ಕಿಲ್ಲ.

ನಿನ್ನ ತಮ್ಮ
ಧರ್ಮಪಾಲ


ಮರ್ಕಂಜ
2-1-1966

ಚಿ. ಧರ್ಮಪಾಲನಿಗೆ ಆಶೀರ್ವಾದ.

ಬಲಗಾಲಿನದ್ದು ಸರಿ ಎಂದರೆ ಎಡಗಾಲಿನದ್ದು ಸರಿಯಿಲ್ಲ ಎಂದು ಅರ್ಥಮಾಡಿಕೊಳ್ಳುವಷ್ಟು ಬುದ್ಧಿ ನನಗೆ ಉಂಟು. ನೀನು ಸಂಕೋಚದಿಂದ ಬಿಟ್ಟರೂ ನಾನು ಬಿಡಲಿಲ್ಲ. ಕಾಗದ ಹಿಡಿದುಕೊಂಡು ಸುಳ್ಯಕ್ಕೆ ಹೋಗಿ ಐತನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ದೇಶಕ್ಕೋಸ್ಕರ ಹೋದವನಿಗೆ ಒಂದು ಚಪ್ಪಲಿ ನೆಟ್ಟಗೆ ಹೊಲಿಯಲು ನಿನಗೆ ಏನು ಧಾಡಿ ಎಂದು ಕೇಳಿದೆ. “ಅಕ್ಕಾ, ಎರಡಕ್ಕೂ ಒಂದೇ ಅಳತೆ ಹಿಡಿದದ್ದು. ಒಂದು ಸರಿಯಾದ್ರೆ ಇನ್ನೊಂದು ತಪ್ಪುದು ಹೇಗೆ?” ಎಂದು ನನಗೇ ವಾದ ಹೇಳುತ್ತಾನೆ! ಪೇಟೆಯವರೆಲ್ಲ ನಿಂತು ನೋಡುತ್ತಿದ್ದರು, ನೋಡಲಿ. ಎಡಗಾಲಿನದ್ದನ್ನು ವಾಪಸು ಕಳುಹಿಸು, ಪುನಃ ಹೊಲಿಸುತ್ತೇನೆ.

ಟ್ಯಾಂಕು ನೀನೇ ಮಾಡುವುದು ಬಹಳ ಸಂತೋಷ. ಡೊಂಬಯ್ಯಣ್ಣನಿಗೆ ಸ್ವಲ್ಪ ಬೇಜಾರಾಗಿದೆ. ದೇವಸ್ಥಾನದ ಮೊಕ್ತೇಸರರ ಹತ್ತಿರ ಕೇಳಿ ಬಂದೆ. “ಹರಕೆಯದ್ದು ಮುಕ್ಕಾದ್ದು ಆಗ್ಲಿಕ್ಕಿಲ್ಲ. ಹೊಸತಿರ್ಬೇಕು, ಊನ ಇರ್ಬಾರ್ದು” ಎಂದರು. ನಿನಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಜಾಗ್ರತೆ. ಪತ್ತನಾಜೆಗೆ ಮೊದಲು ಒಪ್ಪಿಸಬೇಕು. ಅದು ಕಳೆದರೆ ಮಳೆಗಾಲ ಮುಗಿಯುವವರೆಗೆ ಉತ್ಸವವೂ ಇಲ್ಲ, ಹರಕೆಯೂ ಇಲ್ಲ. ಅಷ್ಟರೊಳಗೆ ಲೀವು ಕೊಡದಿದ್ದರೆ ನಿನ್ನ ಸಾಹೇಬರ ವಿಳಾಸ ಕಳುಹಿಸು, ಅವರಿಗೂ ಒಂದು ಕಾಗದ ಬರೆಯುತ್ತೇನೆ.

ಪೂವಮ್ಮ


ಪುಣೆ
20-2-1966

ಅಕ್ಕನಿಗೆ ನಮಸ್ಕಾರ.

ಐತನನ್ನು ಯಾಕೆ ಬೈದೆ? ಚಪ್ಪಲಿಯಲ್ಲಿ ಏನೂ ದೋಷವಿಲ್ಲ, ವಾಪಸು ಕಳುಹಿಸುವುದಿಲ್ಲ. ಆ ಮಾತು ಅಲ್ಲಿಗೇ ಬಿಡು.

ನಿಮ್ಮ ಮೊಕ್ತೇಸರರು ಎಂದಾದರೂ ಟ್ಯಾಂಕು ನೋಡಿದ್ದಾರೆಯೇ? ಹೊಸತಿರಬೇಕಂತೆ, ಊನ ಇರಬಾರದಂತೆ! ಯುದ್ಧಕ್ಕೆ ಹೋಗಿ ಬಂದದ್ದು ಅಂಗಡಿಯಿಂದ ಈಗ ತಾನೇ ತಂದ ಚೊಂಬಿನ ಹಾಗೆ ಹೇಗಿರುತ್ತದೆ ಎಂದು ಅವರನ್ನು ಕೇಳು. ಇಲ್ಲಿಯೂ ಒಬ್ಬ ಹವಾಲ್ದಾರ ಇದ್ದಾನೆ, ನಾನು ಬಣ್ಣ ಹಾಕುವುದನ್ನು ನೋಡಿ, ಇಷ್ಟು ಚಂದದ ಹಸಿರನ್ನು ಯಾಕೆ ಹಾಳುಮಾಡುತ್ತೀ, ಒರೆಸು ಎಂದು ದಿನಾ ಬಂದು ಉಪದೇಶ ಮಾಡುತ್ತಾನೆ. ಅವನು ಯುದ್ಧದ ಹೊತ್ತಿನಲ್ಲಿ ಅಕ್ಕಿಮೂಟೆ ಕಾಯುತ್ತಿದ್ದವ.

ಟ್ಯಾಂಕು ಮುಗಿಯಿತು. ಹೇಗೆ ಮಾಡಿದೆ ಎಂದು ನಿನಗೆ ಹೇಳದೆ ಮತ್ತೆ ಯಾರಿಗೆ ಹೇಳಲಿ? ಮೈ ಮರದ್ದು, ಬದಿಯ ತಗಡು ಹಾಲುಪುಡಿ ಡಬ್ಬಿಯದ್ದು, ಚಕ್ರದ ಮೇಲಿನ ಪಟ್ಟಿ ಸೈಕಲ್ ಟ್ಯೂಬಿನದ್ದು. ಮೊದಲು ಹಸಿರು ಹಾಕಿ ಚೆನ್ನಾಗಿ ಒಣಗಲು ಬಿಟ್ಟೆ. ಆಮೇಲೆ ಕಪ್ಪು ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರುನೀರು ಮಾಡಿ ಮೈಮೇಲೆ ಹರಿಯಬಿಟ್ಟೆ. ಅದು ಮೂಲೆಗೆ, ಬೋಲ್ಟಿನ ಸುತ್ತಕ್ಕೆ ಹೋಗಿ ನಿಲ್ಲುತ್ತದೆ, ಉಳಿದದ್ದನ್ನು ಬಟ್ಟೆಯಿಂದ ಒರೆಸಿದರೆ ವರ್ಷಗಟ್ಟಲೆ ಕೂತ ಎಣ್ಣೆಜಿಡ್ಡಿನ ಹಾಗೆ ಕಾಣುತ್ತದೆ. ತುಕ್ಕಿಗೆ ಬೇರೆ ಬಣ್ಣ ಬೇಡ. ಮೊಳೆಗಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟು, ಬಂದ ತುಕ್ಕನ್ನೇ ಕೆರೆದು ಅರೆದೆ. ಕೋವಿಯ ಬಾಯಿಗೆ ಚಿಮಣಿದೀಪದ ಮಸಿ. ನಾವು ಹತ್ತುವಾಗ ಬೂಟು ತಾಗಿ ತಾಗಿ ಬಣ್ಣ ಹೋಗುವ ಅಂಚುಗಳಿಗೆ ಸೀಸದ ಕಡ್ಡಿ ಉಜ್ಜಿದರೆ ಕಬ್ಬಿಣ ಮಿನುಗಿದ ಹಾಗೆಯೇ. ಕೊನೆಗೆ ಧೂಳು. ಅದು ಇಲ್ಲಿಯದ್ದಲ್ಲ. ನನ್ನ ಬೂಟಿನ ತಳದಲ್ಲಿ ಅಲ್ಲಿನ ಮಣ್ಣು ಅಂಟಿತ್ತು, ಅದನ್ನೇ ಚೂರಿಯಿಂದ ಕೆರೆದು, ಜಾಲಿಸಿ, ಬ್ರಶ್ಶಿನಿಂದ ಕೂರಿಸಿದ್ದೇನೆ. ಮುಗಿದ ದಿನ ಮೂಗಿನ ಹತ್ತಿರ ಹಿಡಿದು ನೋಡಿದೆ. ಅದೇ ವಾಸನೆ.

ಮಂಡೆಕೋಲಿನ ಅಚ್ಚುತ ನಮ್ಮ ಜೊತೆಯವ, ರಜೆಯಲ್ಲಿ ಬರುತ್ತಿದ್ದಾನೆ. ಅವನ ಕೈಯಲ್ಲಿ ಕಳುಹಿಸಿದ್ದೇನೆ. ಎಡಬದಿಯ ಮುಂದಿನ ಚಕ್ರದ ಜಾಗವನ್ನು ನೋಡು. ಅಲ್ಲಿ ನಾನು ಹೆಚ್ಚು ದಿನ ಕೂತಿದ್ದೇನೆ. ನೋಡಿ ಏನೆನಿಸಿತು ಎಂದು ಬರೆ. ಅದೊಂದೇ ನಾನು ಕೇಳುವುದು.

ಧರ್ಮಪಾಲ


ಮರ್ಕಂಜ
25-3-1966

ಚಿ. ಧರ್ಮಪಾಲನಿಗೆ ಆಶೀರ್ವಾದ.

ಎಂಥ ಮನುಷ್ಯನ ಕೈಯಲ್ಲಿ ಕಳುಹಿಸಿದೆ ಮಾರಾಯ! ಗೋಣಿ ಬಿಚ್ಚಿದರೆ ಎಂತ ನೋಡುವುದು! ಎಡಬದಿಯ ಮುಂದಿನ ಚಕ್ರ ಇಲ್ಲ, ಅದರ ಮೇಲಿನ ತಗಡು ಚಕ್ಕುಲಿಯ ಹಾಗೆ ತಿರುಚಿಹೋಗಿದೆ, ಪಟ್ಟಿ ಹರಿದು ನೇತಾಡುತ್ತಿದೆ. ನೀನು ಮುದ್ದಾಂ ನೋಡು ಎಂದು ಬರೆದ ಜಾಗವೇ! “ಬಸ್ಸಿನ ಮೇಲೆ ಹಾಕಿದ್ದಾ? ಅದ್ರ ಮೇಲೆ ಕೂತ್ಕೊಂಡು ಬಂದದ್ದಾ?” ಎಂದು ಅಚ್ಚುತನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಬಾಯಿ ತೆರೆದ, ಪುನಃ ಮುಚ್ಚಿದ, ಕಾಫಿಯನ್ನೂ ಕುಡಿಯದೆ ಹೋದ. ತಪ್ಪು ಮಾಡಿದವನಿಗೆ ಮಾತು ಎಲ್ಲಿಂದ ಬರಬೇಕು?

ಆದರೆ ಬೇಜಾರು ಮಾಡಬೇಡ, ಎಲ್ಲ ಸರಿಮಾಡಿಸಿದ್ದೇನೆ. ಮೊದಲು ಬೂದಿ, ಹುಣಸೆಹುಳಿ ಹಾಕಿ ತಿಕ್ಕಿ ತೊಳೆದೆ. ನಿನ್ನ ಧೂಳಿನ ಕತೆ ನನಗೆ ಗೊತ್ತುಂಟು, ಆದರೆ ಕೆಸರು ಮೆತ್ತಿಕೊಂಡದ್ದನ್ನು ದೇವರ ಎದುರು ಇಡುವುದು ಹೇಗೆ? ಡೊಂಬಯ್ಯಣ್ಣ ಹಲಸಿನ ಮರದಲ್ಲಿ ಹೊಸ ಚಕ್ರ ಕಡೆದು ಕೂರಿಸಿದ, ತಗಡನ್ನು ತಟ್ಟಿ ನೇರ ಮಾಡಿದ. “ದೈವದ ನೇಮಕ್ಕೆ ಮೊದ್ಲು ನಾವು ಹುಲಿಗೆ ಹೊಸ ಬಣ್ಣ ಕೊಡುದಿಲ್ವಾ? ಹಳೆ ಬಣ್ಣದಲ್ಲಿ ಯಾರಾದ್ರೂ ಹೊರಗೆ ತರ್ತಾರಾ?” ಎಂದು ಮೈಗೆಲ್ಲ ಗಿಳಿಹಸಿರು ಬಳಿದ. ಚಕ್ರಕ್ಕೆ ಕೆಂಪು, ಕೋವಿಗೆ ಬೆಳ್ಳಿ ಬಣ್ಣ. ಕಣ್ಣು ಬೇಡ ಎಂದು ಹೇಳಿದ್ದೆ, ಆದರೂ ಮುಂದೆ ಎರಡು ಬಿಳಿ ಬೊಟ್ಟು ಇಟ್ಟಿದ್ದಾನೆ.

ಈಗ ಯಾರೂ ಮುರಿದದ್ದು ಎನ್ನಲಿಕ್ಕಿಲ್ಲ. ಮೊಕ್ತೇಸರರಿಗೆ ತೋರಿಸಿದೆ, ಬಹಳ ಖುಷಿಪಟ್ಟರು. ಊನವಾದದ್ದನ್ನು ಹಾಗೆಯೇ ಕೊಂಡುಹೋಗಿದ್ದರೆ ಊರಿನ ಎದುರು ನಮ್ಮ ಮಾನ ಹೋಗುತ್ತಿತ್ತು. ಇನ್ನು ನೀನು ಬರುವುದೊಂದೇ ಬಾಕಿ.

ಪೂವಮ್ಮ


ಪುಣೆ
8-4-1966

ಅಕ್ಕ,

ನಿನ್ನ ಕಾಗದ ಓದಿ ಹರಿದುಹಾಕಿದೆ. ಆಮೇಲೆ ತುಂಡು ಜೋಡಿಸಿ ಪುನಃ ಓದಿದೆ.

ನೀನು ತೊಳೆದದ್ದು ಕೆಸರಲ್ಲ. ಆ ಟ್ಯಾಂಕಿನಲ್ಲಿ ನಾವು ಐದು ಜನ ಇದ್ದೆವು, ಇಬ್ಬರು ಬರಲಿಲ್ಲ. ಅವರು ಬಿದ್ದ ಜಾಗದ ಮಣ್ಣು ಅದು. ಅಷ್ಟೇ ಇದ್ದದ್ದು, ಇನ್ನು ಎಲ್ಲಿಯೂ ಸಿಗುವುದಿಲ್ಲ. ಹುಣಸೆಹುಳಿ ಹಾಕಿ ತಿಕ್ಕಿದೆಯಂತೆ! ಅದೇನು ಪಾತ್ರೆಯೇ? ಧೂಳಿನ ಕತೆ ಗೊತ್ತುಂಟು ಎಂದು ಬರೆದು, ಗೊತ್ತಿದ್ದೇ ತೊಳೆದೆಯಲ್ಲ!

ಅಚ್ಚುತ ಏನನ್ನೂ ಮುರಿದಿಲ್ಲ. ಚಕ್ರ ಇಡದೆ ಬಿಟ್ಟವನು ನಾನು. ತಗಡನ್ನು ತಿರುಚಲು ದೀಪದಲ್ಲಿ ಕಾಸಿ ಕಾಸಿ ಬೆರಳು ಸುಟ್ಟುಕೊಂಡವನು ನಾನು. ಇಡೀ ಟ್ಯಾಂಕಿನಲ್ಲಿ ನಾನು ನಿನಗೆ ತೋರಿಸಬೇಕೆಂದಿದ್ದದ್ದು ಅದೊಂದನ್ನು. ನೀನು ಅದನ್ನೇ ಮುಚ್ಚಿಸಿ, ಮೇಲೆ ಕೆಂಪು ಬಣ್ಣ ಬಳಿಸಿ, ಈಗ ಯಾರೂ ಮುರಿದದ್ದು ಎನ್ನಲಿಕ್ಕಿಲ್ಲ ಎಂದು ಬರೆಯುತ್ತೀ.

ಊನವಾದದ್ದನ್ನು ಕೊಂಡುಹೋದರೆ ಮಾನ ಹೋಗುತ್ತದೆ. ಸರಿ, ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ನಾನು ಬರುವುದಿಲ್ಲ. ಇಲ್ಲಿಯೇ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದಾರೆ, ಒಪ್ಪಿಕೊಳ್ಳುತ್ತೇನೆ. ನಿಮ್ಮ ಗಿಳಿಹಸಿರು ಟ್ಯಾಂಕನ್ನು ಯಾರ ಕೈಯಿಂದ ಬೇಕಾದರೂ ಒಪ್ಪಿಸಿ. ಬೇಕಿದ್ದರೆ ಡೊಂಬಯ್ಯಣ್ಣ ಹಲಸಿನ ಮರದಲ್ಲಿ ಒಬ್ಬ ಹೊಸ ತಮ್ಮನನ್ನೂ ಮಾಡಿಕೊಡಲಿ, ಊನವಿಲ್ಲದ್ದು.

ಧರ್ಮಪಾಲ


ಮರ್ಕಂಜ
19-4-1966

ಧರ್ಮಪಾಲನಿಗೆ,

ಕಾಗದ ಸಿಕ್ಕಿತು. ಇಂಥ ಕಾಗದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಇದು ಉತ್ತರವಲ್ಲ.

ಮಣ್ಣಿನ ವಿಷಯ ನೀನು ಮೊದಲೇ ಬಿಡಿಸಿ ಬರೆಯಬೇಕಿತ್ತು. ಇಬ್ಬರು ಬರಲಿಲ್ಲ ಎಂದು ಇವತ್ತು ಬರೆಯುತ್ತೀ, ಐದು ತಿಂಗಳಿನಿಂದ ಎಲ್ಲಿ ಹೋಗಿತ್ತು ನಿನ್ನ ಬಾಯಿ? ಅವರಿಗೂ ನನ್ನಂಥ ಅಕ್ಕಂದಿರು ಇರಲಿಲ್ಲವೇ? ಆ ಗೆರೆ ಓದಿ ನಾನು ಊಟ ಮಾಡಲಿಲ್ಲ. ಅದು ನನ್ನ ತಪ್ಪೇ, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಮರದ ಚಕ್ರ ಇಟ್ಟದ್ದಕ್ಕೆ ಮನೆಗೇ ಬರುವುದಿಲ್ಲ ಎನ್ನುವಷ್ಟು ಎಂತ ಅಹಂಕಾರ ನಿನಗೆ? ಚಕ್ರಕ್ಕೂ ನಿನಗೂ ಏನು ಸಂಬಂಧ? ಹೊಸ ತಮ್ಮನಂತೆ! ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ.

ನೀನು ಹೇಳದಿದ್ದರೆ ಹೇಳುವವರು ಬೇರೆ ಇದ್ದಾರೆ. ನಾಳೆ ಮಂಡೆಕೋಲಿಗೆ ಹೋಗುತ್ತೇನೆ.

ಪೂವಮ್ಮ


ಮರ್ಕಂಜ
30-4-1966

ತಮ್ಮಾ,

ಅಚ್ಚುತ ಹೇಳಿದ.

ಅವನ ಮೇಲೆ ಸಿಟ್ಟು ಮಾಡಬೇಡ. ಬಾಯಿ ಬಿಡುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದನಂತೆ. ನಾನು ಅವನ ಜಗಲಿಯಲ್ಲಿ ಕೂತೆ, ಏಳಲಿಲ್ಲ. ಚಕ್ರ ಇಲ್ಲದೆ ಟ್ಯಾಂಕು ಓಡುದು ಹೇಗೆ ಎಂದು ಕೇಳಿದೆ. “ಓಡ್ಲಿಲ್ಲ ಪೂವಮ್ಮಕ್ಕ, ಅಲ್ಲಿಗೇ ನಿಂತದ್ದು. ಗುಂಡು ಬಿದ್ದದ್ದು ಅಲ್ಲಿಗೇ” ಎಂದ. ಅಲ್ಲಿ ಯಾರು ಕೂರುದು ಎಂದು ಕೇಳುವ ಮೊದಲೇ ನೀನು ಬರೆದದ್ದು ನೆನಪಾಯಿತು. ಮುಂದೆ, ಎಡಗಡೆ, ಕೆಳಗೆ. ಅಚ್ಚುತ ತನ್ನ ಎಡಗಾಲಿನ ಮಂಡಿಯ ಕೆಳಗೆ ಕೈ ಇಟ್ಟು ತೋರಿಸಿದ. ನಾನು ಅಲ್ಲಿಯೇ ಗೋಳೋ ಎಂದು ಅತ್ತೆ. ಅಷ್ಟು ಹೊತ್ತು ಬೈದ ಬಾಯಿಯಲ್ಲೇ ಅತ್ತೆ.

ಅತ್ತು ಮುಗಿಯಿತು. ಈಗ ಕೇಳು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಒಂದು ಕಾಲು ಹೋದದ್ದನ್ನು ಅಕ್ಕನಿಗೆ ಬರೆಯಲು ಆಗದಿದ್ದರೆ ಅಕ್ಷರ ಕಲಿತದ್ದು ಯಾಕೆ? ಆಸ್ಪತ್ರೆಯ ಮಂಚದಲ್ಲಿ ಕೂತು, ಕೂತು ಮಾಡುವ ಕೆಲಸ ಎಂದು ಬರೆದೆಯಲ್ಲ! ಬಲಗಾಲಿನದ್ದು ಸರಿಯಾಗಿದೆ ಎಂದೆಯಲ್ಲ, ಪಾಪದ ಐತನನ್ನು ಪೇಟೆಯ ನಡುವೆ ನಿಲ್ಲಿಸಿ ಬೈದೆನಲ್ಲ ನಾನು! ಅದಕ್ಕಿಂತ ದೊಡ್ಡದು ಇನ್ನೊಂದು. ನೀನು ಮರದ ಟ್ಯಾಂಕು ಮುರಿದು ಕಳುಹಿಸಿ, ಅಕ್ಕ ಮುರಿದದ್ದನ್ನು ಇಟ್ಟುಕೊಳ್ಳುತ್ತಾಳೋ ಬಿಸಾಡುತ್ತಾಳೋ ನೋಡುವ ಎಂದು ಅಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದೆ. ನನ್ನನ್ನು! ಸೊಂಟದಲ್ಲಿ ಹೊತ್ತವಳನ್ನು! ನಾನು ಅನುತ್ತೀರ್ಣ ಎಂದು ನೀನೇ ತೀರ್ಮಾನಿಸಿ, ಬರುವುದಿಲ್ಲ ಎಂದೂ ಬರೆದೆ. ಮರಕ್ಕೆ ಹೇಳಿದ ಮಾತನ್ನು ಮನುಷ್ಯನಿಗೂ ಹೇಳುವಷ್ಟು ಸಣ್ಣವಳಾಗಿ ಕಂಡೆನೇ ನಿನಗೆ? ಇದನ್ನು ನಾನು ಸುಲಭಕ್ಕೆ ಮರೆಯುವವಳಲ್ಲ, ತಿಳಿದುಕೋ.

ಮನೆಗೆ ಬಂದವಳೇ ಡೊಂಬಯ್ಯಣ್ಣನ ಚಕ್ರವನ್ನು ಕಿತ್ತು ತೆಗೆದೆ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಹಸಿರನ್ನು ಉಜ್ಜಿದೆ. ನಿನ್ನ ಭಾವನೂ ಒಂದು ಬದಿ ಉಜ್ಜಿದರು. ಅವನ ಬಣ್ಣ ಸರಿಯಾಗಿ ಹಿಡಿದಿರಲಿಲ್ಲ, ಬಿಟ್ಟುಬಂತು. ಕೆಳಗೆ ನಿನ್ನ ಜಿಡ್ಡು, ಬೋಲ್ಟಿನ ಸುತ್ತದ ಕಪ್ಪು, ಸ್ವಲ್ಪ ತುಕ್ಕು ಉಂಟು. ಕಣ್ಣು ಮಾತ್ರ ಪೂರ್ತಿ ಹೋಗಲಿಲ್ಲ, ಒಂದು ಉಳಿದಿದೆ. ತಗಡನ್ನು ಡೊಂಬಯ್ಯಣ್ಣನೇ ಬಂದು ಪುನಃ ತಿರುಚಿದ. ತಟ್ಟಿ ನೇರ ಮಾಡಿದ್ದನ್ನು ಮೊದಲಿನ ಹಾಗೆ ತಿರುಚಲು ಬರುತ್ತಿಲ್ಲ ಎಂದು ಅವನಿಗೂ ಕಣ್ಣೀರು ಬಂತು. ಮಣ್ಣು ಹೋಯಿತು. ಅದನ್ನು ನಾನು ಎಲ್ಲಿಂದ ತರಲಿ? ಅದೊಂದಕ್ಕೆ ಮಾತ್ರ ನನ್ನನ್ನು ಕ್ಷಮಿಸು. ಆ ಇಬ್ಬರ ಹೆಸರು ಬರೆದು ಕಳುಹಿಸು, ಅವರ ಹೆಸರಿನಲ್ಲಿಯೂ ದೀಪ ಇಡುತ್ತೇನೆ.

ಮೊಕ್ತೇಸರರ ಹತ್ತಿರ ಕೊಂಡುಹೋದೆ. “ಇದು ಊನ ಅಲ್ವಾ ಪೂವಮ್ಮ? ಮೊನ್ನೆ ಚಂದ ಇತ್ತಲ್ಲ?” ಎಂದರು.

“ಹೌದು, ಊನವೇ” ಎಂದೆ. “ಜೀವಸಹಿತ ಬರ್ಲಿ ಅಂತ ನಾನು ಹೇಳಿಕೊಂಡದ್ದು. ಎರಡು ಕಾಲುಸಹಿತ ಅಂತ ಹೇಳಿದ್ದಾ? ಕೇಳಿದ್ದು ಸಿಕ್ಕಿತು. ಇನ್ನು ಅವನ ಟ್ಯಾಂಕಿನಂಥದ್ದೇ ಒಪ್ಪಿಸ್ತೇನೆ ಅಂತ ಮಾತು ಕೊಟ್ಟದ್ದು. ಅವನ ಟ್ಯಾಂಕಿಗೆ ಆ ಚಕ್ರ ಇಲ್ಲ. ಚಕ್ರ ಇಟ್ಟು ಕೊಟ್ರೆ ದೇವರಿಗೆ ಸುಳ್ಳು ಹೇಳಿದ ಹಾಗೆ ಆಗುದಿಲ್ವಾ? ಆ ಪಾಪ ನೀವು ತೆಗೊಳ್ತೀರಾ?”

ಅವರು ಆ ಖಾಲಿ ಜಾಗಕ್ಕೆ ಬೆರಳಿಟ್ಟು ನೋಡಿದರು. “ಹುಡುಗ ಬರ್ಲಿ. ಅವನ ಕೈಯಿಂದಲೇ ಇಡುವ” ಎಂದರು.

ಹಾಗಾಗಿ ಈಗ ನಿನ್ನಿಂದಲೇ ಕೆಲಸ ನಿಂತಿದೆ. ನಿನ್ನ ಕೈಯಿಂದ ಎಂದು ನಾನು ಹೇಳಿಕೊಂಡಾಗಿದೆ. ನೀನು ಬಾರದಿದ್ದರೆ ದೇವರ ಎದುರು ಮಾತು ತಪ್ಪಿದವಳು ನಾನಾಗುತ್ತೇನೆ. ಕುಂಟಿಕೊಂಡು ಬಾ, ಕೋಲು ಊರಿಕೊಂಡು ಬಾ, ಅಚ್ಚುತನ ಬೆನ್ನ ಮೇಲೆ ಕೂತು ಬಾ. ಪತ್ತನಾಜೆಗೆ ಮೊದಲು ಬಾ. ಇಲ್ಲದಿದ್ದರೆ ನಾನೇ ಪುಣೆಗೆ ಬರುತ್ತೇನೆ, ಆಗ ಗೊತ್ತಾಗುತ್ತದೆ ನಿನ್ನ ಹವಾಲ್ದಾರನಿಗೆ ಬೈಗುಳ ಎಂದರೆ ಏನೆಂದು.

ನಿನ್ನ ಅಕ್ಕ
ಪೂವಮ್ಮ


ಪುಣೆ
14-5-1966

ಅಕ್ಕನಿಗೆ ಧರ್ಮಪಾಲನ ಅನಂತ ನಮಸ್ಕಾರಗಳು.

ಶುಕ್ರವಾರ ಮಂಗಳೂರು. ಅಲ್ಲಿಂದ ಪುತ್ತೂರಿಗೆ ಬಸ್ಸು, ಪುತ್ತೂರಿನಿಂದ ಸುಳ್ಯಕ್ಕೆ ಇನ್ನೊಂದು. ಅಚ್ಚುತ ಮಂಗಳೂರಿಗೆ ಬಂದು ಜೊತೆಗಿರುತ್ತಾನೆ. ಸುಳ್ಯದ ಸ್ಟ್ಯಾಂಡಿಗೆ ಭಾವ ಬಂದರೆ ಸಾಕು. ನೀನು ಬಂದರೆ ಅಲ್ಲಿಯೇ ಬೈಯಲು ಸುರುಮಾಡುತ್ತೀ. ಆದರೂ ಬಾ.

ಪರೀಕ್ಷೆ ಮಾಡಿದ್ದು ನನ್ನ ತಪ್ಪು. ಎದುರಿಗೆ ಬಂದು ಕೆನ್ನೆ ಕೊಡುತ್ತೇನೆ. ಆ ಇಬ್ಬರ ಹೆಸರನ್ನೂ ಆಗಲೇ ಹೇಳುತ್ತೇನೆ, ಕಾಗದದಲ್ಲಿ ಬೇಡ. ಉಳಿದ ಒಂದು ಕಣ್ಣನ್ನು ಅಳಿಸಬೇಡ, ಇರಲಿ.

ಬರುವ ದಾರಿಯಲ್ಲಿ ಐತನ ಹತ್ತಿರ ನಿಲ್ಲಬೇಕು. ಇಲ್ಲಿ ನನಗೆ ಮರದ ಕಾಲು ಕಟ್ಟಿದ್ದಾರೆ. ಇಷ್ಟು ದಿನ ಪೆಟ್ಟಿಗೆಯಲ್ಲಿದ್ದ ಎಡಗಾಲಿನ ಚಪ್ಪಲಿಯನ್ನು ತೆಗೆದು ಅದಕ್ಕೆ ಹಾಕಿ ನೋಡಿದೆ. ಅಳತೆ ಸರಿಯಾಗಿಯೇ ಉಂಟು. ಅವನಿಗೆ ತೋರಿಸಬೇಕು.

ಕಾಲು ಹೊಚ್ಚ ಹೊಸತು, ಪಾಲಿಶ್ ಹಾಕಿ ಫಳಫಳ ಹೊಳೆಯುತ್ತದೆ, ನೋಡಿದರೆ ನಗು ಬರುತ್ತದೆ. ಟ್ಯಾಂಕಿಗೆ ಮಾಡಿದ ಹಾಗೆಯೇ ಇದನ್ನೂ ಹಳತು ಮಾಡುವ ಎಂದು ಮೊನ್ನೆ ಬಣ್ಣದ ಡಬ್ಬಿ ತೆರೆದೆ, ಬ್ರಶ್ಶನ್ನೂ ಅದ್ದಿದೆ. ಮತ್ತೆ ಬೇಡ ಎನಿಸಿ ಮುಚ್ಚಿಟ್ಟೆ. ಮರ್ಕಂಜಕ್ಕೇ ಬರುತ್ತಿದ್ದೇನಲ್ಲ. ಅಲ್ಲಿಯ ಕೆಸರಿನಲ್ಲಿ ನಡೆದು ಅದು ತನ್ನಷ್ಟಕ್ಕೆ ಹಳತಾಗಲಿ. ನೀನು ಮಾತ್ರ ತೊಳೆಯಬೇಡ.

ನಿನ್ನ ಹಳೆಯ ತಮ್ಮ
ಧರ್ಮಪಾಲ